ಪ್ರಥಮ ವರ್ಷದ ಪ್ರಬಂಧ ರಚನೆ

ಅಮೆರಿಕದ ಕಾಲೇಜುಗಳಿಗೆ ಹೊಸದಾಗಿ ಸೇರಿದ ಬಹುಪಾಲು ವಿದ್ಯಾರ್ಥಿಗಳು, ತಮ್ಮ ಮುಖ್ಯ ವಿಷಯ ಯಾವುದೇ ಆಗಿರಲಿ, ಓದಬೇಕಾದ ಬರವಣಿಗೆಯ ಪಠ್ಯಕ್ರಮ.

ಇತಿಹಾಸ: ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿದಾಗ ಹಲವರ ಬರವಣಿಗೆ ದುರ್ಬಲವೆಂದು ಕಂಡಿತು. ಅಲ್ಲಿನ ಅಧ್ಯಾಪಕ ಆಡಮ್ಸ್ ಶೆರ್ಮನ್ ಹಿಲ್ ಅವರ ಒತ್ತಾಯದಿಂದ 1885ರಲ್ಲಿ ‘ಇಂಗ್ಲಿಷ್ ಎ’ ಮೊದಲ ವರ್ಷದ ಪಾಠವಾಯಿತು. ಇತರ ಕಾಲೇಜುಗಳೂ ಇದೇ ಹಾದಿ ಹಿಡಿದವು. ಆಗ ಕಾಗುಣಿತ, ವ್ಯಾಕರಣಗಳ ಶುದ್ಧಿಗೇ ಹೆಚ್ಚಿನ ಒತ್ತು.

ಬೋಧನಾಕ್ರಮ: 1970ರ ದಶಕದಿಂದ ಗಮನವು ಸಿದ್ಧ ಪ್ರಬಂಧದಿಂದ ಬರೆಯುವ ಪ್ರಕ್ರಿಯೆಯತ್ತ ಹೊರಳಿತು. ವಿದ್ಯಾರ್ಥಿ ವಿಷಯವನ್ನು ಹುಡುಕಿ, ಕರಡು ಬರೆದು, ಸಹಪಾಠಿಗಳಿಗೆ ಓದಲು ಕೊಟ್ಟು, ಶಿಕ್ಷಕರ ಟಿಪ್ಪಣಿ ಪಡೆದು ತಿದ್ದಿ ಬರೆಯುತ್ತಾನೆ. ವಾದವೊಂದನ್ನು ಸ್ಪಷ್ಟವಾಗಿ ಮಂಡಿಸುವುದು, ಆಧಾರ ಒದಗಿಸುವುದು, ಪರರ ಮಾತನ್ನು ಋಣ ಸ್ಮರಿಸಿ ಬಳಸುವುದು ಮುಖ್ಯ ಕಲಿಕೆಗಳು.

ಮಹತ್ವ: ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಕಲಿಸಿದ ಮೀನಾ ಶಾನೆಸಿ, ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ (1977) ಕೃತಿಯಲ್ಲಿ, ಹೊಸಬರ ತಪ್ಪುಗಳು ದಡ್ಡತನದ ಗುರುತಲ್ಲ, ಅವುಗಳ ಹಿಂದೆಯೂ ಒಂದು ತರ್ಕವಿದೆ ಎಂದು ತೋರಿಸಿದರು. ತಪ್ಪನ್ನು ಎಣಿಸುವುದಕ್ಕಿಂತ ಅರ್ಥಮಾಡಿಕೊಳ್ಳುವುದು ದೊಡ್ಡದು ಎಂಬ ಈ ತಿಳಿವೇ ಈ ತರಗತಿಯ ಅಮೂಲ್ಯ ಕೊಡುಗೆ.