ಪೋಪರ ಹೆಸರು ಹೊತ್ತ ಗ್ರಾನಡಾದ ಫಕೀಹ್

2025ರ ಮೇ 8ರಂದು ರೋಮಿನಲ್ಲಿ ಹೊಸ ಪೋಪರ ಆಯ್ಕೆಯಾಯಿತು. ಅಮೆರಿಕದಲ್ಲಿ ಹುಟ್ಟಿದ ಕಾರ್ಡಿನಲ್ ರಾಬರ್ಟ್ ಪ್ರೆವೋಸ್ಟ್ ತಮಗಾಗಿ ಆರಿಸಿಕೊಂಡ ಹೆಸರು ಲಿಯೋ. ಆ ಹೆಸರಿನ ಹದಿನಾಲ್ಕನೆಯವರು ಅವರು. 1891ರಲ್ಲಿ ಕಾರ್ಮಿಕರ ಹಕ್ಕುಗಳ ಕುರಿತು ಪತ್ರ ಹೊರಡಿಸಿದ ಹದಿಮೂರನೆಯ ಲಿಯೋ ಅವರ ನೆನಪು ಈ ಆಯ್ಕೆಯ ಹಿಂದಿದೆಯೆಂದು ಅವರೇ ತಿಳಿಸಿದರು. ಹಿಂದಿನ ಲಿಯೋಗಳು ಯಾರು ಯಾರು ಎಂಬ ವಿವರಗಳು ಆಗ ಪತ್ರಿಕೆಗಳಲ್ಲಿ ಬಂದವು. ಆ ಪಟ್ಟಿಯಲ್ಲಿ ಬರಲಾರದ, ಆದರೆ ಅದೇ ಹೆಸರನ್ನು ಓರ್ವ ಪೋಪರ ಕೈಯಿಂದಲೇ ಪಡೆದ ಒಬ್ಬ ಮುಸ್ಲಿಮ್ ವಿದ್ವಾಂಸರನ್ನು ನಾವಿಲ್ಲಿ ಪರಿಚಯಿಸಬಯಸುತ್ತೇವೆ.

ಲ್ಯಾಟಿನ್ ಭಾಷೆಯಲ್ಲಿ ಲಿಯೋ ಎಂದರೆ ಸಿಂಹ. ಅರಬಿಯಲ್ಲಿ ಅದಕ್ಕೆ ಅಸದ್, ಹೈದರ್ ಮುಂತಾದ ಹಲವು ಪದಗಳಿವೆ. ಹಝ್ರತ್ ಅಲೀ(ರ)ಯವರನ್ನು ಅಸದುಲ್ಲಾಹ್ ಎಂದು ಕರೆಯುವುದು ನಮಗೆಲ್ಲ ಗೊತ್ತು. ನಮ್ಮ ಮೈಸೂರನ್ನು ಆಳಿದ ಹೈದರಲಿಯ ಹೆಸರಿನಲ್ಲಿಯೂ ಇದೇ ಸಿಂಹವಿದೆ. ಸಿಂಹದ ಹೆಸರನ್ನು ಬಯಸದ ಜನಾಂಗ ಬಹುಶಃ ಇಲ್ಲ.

ಪೋಪರು ಹೆಸರು ಬದಲಿಸಿಕೊಳ್ಳುವ ಪದ್ಧತಿ ಮೊದಲಿನಿಂದ ಇದ್ದುದಲ್ಲ. 533ರಲ್ಲಿ ಮರ್ಕ್ಯೂರಿಯಸ್ ಎಂಬವರು ಪೋಪರಾದಾಗ, ರೋಮನ್ನರ ಹಳೆಯ ದೇವರೊಬ್ಬನ ಹೆಸರು ಧರ್ಮಗುರುವಿಗೆ ಸಲ್ಲದೆಂದು ಜಾನ್ ಎಂಬ ಹೆಸರು ತಳೆದರು. ಅಲ್ಲಿಂದ ಈ ರೂಢಿ ನಿಧಾನವಾಗಿ ಬೇರೂರಿತು. ಹೀಗೆ ಒಂದೇ ಹೆಸರು ಮತ್ತೆ ಮತ್ತೆ ಬರುವುದರಿಂದ ಇತಿಹಾಸ ಓದುವವರಿಗೆ ಗೊಂದಲವೂ ತಪ್ಪಿದ್ದಲ್ಲ. ಮೂರನೆಯ ಲಿಯೋ ಎಂದರೆ ಇಬ್ಬರಿದ್ದಾರೆ. ಒಬ್ಬಾತ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ. 717-18ರಲ್ಲಿ ಉಮಯ್ಯಾ ಸೇನಾನಿ ಮಸ್ಲಮಾರ ಮುತ್ತಿಗೆಯನ್ನು ಎದುರಿಸಿ ನಿಂತವನು ಇವನೇ. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝರೊಂದಿಗೆ ಧರ್ಮದ ಕುರಿತು ಪತ್ರ ವ್ಯವಹಾರ ನಡೆಸಿದನೆಂದು ಐತಿಹ್ಯವಿರುವುದೂ ಇವನ ಬಗ್ಗೆಯೇ. ಇನ್ನೊಬ್ಬರು ರೋಮಿನ ಪೋಪ್. 800ರ ಕ್ರಿಸ್ಮಸ್ ದಿನ ಶಾರ್ಲಮೇನನಿಗೆ ಕಿರೀಟ ತೊಡಿಸಿದವರು. ಆ ಶಾರ್ಲಮೇನನಿಗೆ ಖಲೀಫಾ ಹಾರೂನ್ ರಶೀದ್ ಒಂದು ಆನೆಯನ್ನು ಕಳುಹಿಸಿದ್ದರು. ಅಬುಲ್ ಅಬ್ಬಾಸ್ ಎಂಬ ಆ ಆನೆ 802ರಲ್ಲಿ ಆಹೆನ್ ನಗರವನ್ನು ತಲುಪಿತು.

ಆನೆಯ ಮಾತು ಬಂದುದರಿಂದ ಹತ್ತನೆಯ ಲಿಯೋ ಅವರ ಬಳಿಗೆ ಹೋಗೋಣ. ಅವರಿಗೂ ಒಂದು ಆನೆ ಸಿಕ್ಕಿತ್ತು. ಪೋರ್ಚುಗಲ್ಲಿನ ದೊರೆ ಮಾನ್ಯುಯೆಲ್ 1514ರಲ್ಲಿ ಅದನ್ನು ರೋಮಿಗೆ ಉಡುಗೊರೆಯಾಗಿ ಕಳುಹಿಸಿದ. ಅದು ಭಾರತದಿಂದ ಹಡಗೇರಿಸಿ ಒಯ್ದ ಆನೆ. ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡು ಆಗ ನಾಲ್ಕೇ ವರ್ಷವಾಗಿತ್ತು. ನಮ್ಮ ಕಡಲಿನಲ್ಲಿ ಮುಸ್ಲಿಮ್ ವರ್ತಕರ ಹಡಗುಗಳನ್ನು ದೋಚಿ ಗಳಿಸಿದ ಮೇಲುಗೈಯ ಪ್ರದರ್ಶನವೂ ಆ ಉಡುಗೊರೆಯಲ್ಲಿ ಸೇರಿತ್ತೆಂದು ಹೇಳಿದರೆ ತಪ್ಪಾಗಲಾರದು. ಹ್ಯಾನೋ ಎಂಬ ಹೆಸರಿನ ಆ ಬಡಪ್ರಾಣಿ ಎರಡು ವರ್ಷಗಳಲ್ಲಿ ಸತ್ತಿತು.

ಹತ್ತನೆಯ ಲಿಯೋ ಫ್ಲಾರೆನ್ಸಿನ ಪ್ರಸಿದ್ಧ ಮೆಡಿಚಿ ಮನೆತನದವರು. ಹುಟ್ಟುಹೆಸರು ಜೊವಾನ್ನಿ, ಲ್ಯಾಟಿನ್ನಿನಲ್ಲಿ ಯೊಹಾನೆಸ್. 1513ರಲ್ಲಿ 37ರ ವಯಸ್ಸಿನಲ್ಲಿ ಪೋಪರಾದರು. ತಮ್ಮ ಹೆಸರಿನ ಪೂರ್ವಿಕರನ್ನು ಅವರು ಹೇಗೆ ಬಳಸಿಕೊಂಡರೆಂಬುದನ್ನು ವ್ಯಾಟಿಕನ್ನಿನ ಗೋಡೆಗಳಲ್ಲಿ ಇಂದಿಗೂ ಕಾಣಬಹುದು. ಚಿತ್ರಕಾರ ರಾಫೆಲ್ ಮತ್ತು ಅವನ ಶಿಷ್ಯರು ಅಲ್ಲಿ ಹಳೆಯ ಲಿಯೋಗಳ ಸಾಹಸಗಳನ್ನು ಚಿತ್ರಿಸಿದ್ದಾರೆ. 452ರಲ್ಲಿ ಹೂಣರ ಅಟಿಲಾನನ್ನು ಎದುರುಗೊಂಡ ಮೊದಲನೆಯ ಲಿಯೋ ಅಲ್ಲಿದ್ದಾರೆ, ಶಾರ್ಲಮೇನನಿಗೆ ಕಿರೀಟವಿಡುವ ಮೂರನೆಯ ಲಿಯೋ ಇದ್ದಾರೆ, ನಾಲ್ಕನೆಯ ಲಿಯೋ ಇದ್ದಾರೆ. ಆದರೆ ಎಲ್ಲರಿಗೂ ಒಂದೇ ಮುಖ, ಹತ್ತನೆಯ ಲಿಯೋ ಅವರ ಮುಖ! ಅಟಿಲಾನ ಚಿತ್ರ ಹಿಂದಿನ ಪೋಪರ ಕಾಲದಲ್ಲೇ ಆರಂಭವಾಗಿದ್ದುದರಿಂದ ಅದರಲ್ಲಿ ಅವರು ಕಾರ್ಡಿನಲ್ ಆಗಿ ಒಮ್ಮೆ, ಪೋಪರಾಗಿ ಇನ್ನೊಮ್ಮೆ, ಹೀಗೆ ಎರಡು ಕಡೆ ಕಾಣಿಸಿಕೊಳ್ಳುತ್ತಾರೆ.

ನಾಲ್ಕನೆಯ ಲಿಯೋ ಅವರ ಚಿತ್ರ ನಮಗೆ ಮುಖ್ಯವಾದುದು. 846ರಲ್ಲಿ ಅರಬ್ ದಾಳಿಕೋರರು ಟೈಬರ್ ನದಿಯ ಕಡೆಯಿಂದ ಬಂದು ರೋಮಿನ ಸಂತ ಪೀಟರ್ ಇಗರ್ಜಿಯನ್ನು ಸೂರೆ ಮಾಡಿದ್ದರು. ಇದನ್ನು ಮರೆಮಾಚಬೇಕಾದ ಅಗತ್ಯ ನಮಗಿಲ್ಲ. ಅದು ಧರ್ಮಯುದ್ಧವಲ್ಲ, ಕೊಳ್ಳೆ. ಮರುವರ್ಷ ಪೋಪರಾದ ನಾಲ್ಕನೆಯ ಲಿಯೋ ಇಗರ್ಜಿಯ ಸುತ್ತ ಕೋಟೆ ಕಟ್ಟಿಸಿದರು. 849ರಲ್ಲಿ ಓಸ್ಟಿಯಾ ಬಂದರಿನ ಬಳಿ ಅರಬರ ನೌಕಾದಳ ಸೋತಿತು. ರಾಫೆಲನ ಬಳಗ ಚಿತ್ರಿಸಿದ್ದು ಈ ಗೆಲುವನ್ನು. ಸೆರೆಸಿಕ್ಕ ಮುಸ್ಲಿಮರನ್ನು ಹೆಡೆಮುರಿ ಕಟ್ಟಿ ಪೋಪರ ಮುಂದೆ ಮಂಡಿಯೂರಿಸಲಾಗಿದೆ. ಆಕಾಶದತ್ತ ಕೈಯೆತ್ತಿರುವ ಪೋಪರು ಹೆಸರಿಗೆ ನಾಲ್ಕನೆಯವರು, ಮುಖದಲ್ಲಿ ಹತ್ತನೆಯವರು. ತುರ್ಕರ ಮೇಲೆ ಹೊಸ ಶಿಲುಬೆಯುದ್ಧಕ್ಕೆ ಐರೋಪ್ಯ ದೊರೆಗಳನ್ನು ಹುರಿದುಂಬಿಸುತ್ತಿದ್ದ ಪೋಪರಿಗೆ ಇದಕ್ಕಿಂತ ಒಪ್ಪುವ ಚಿತ್ರ ಬೇರೆ ಬೇಕೇ?

ಆ ಕೋಣೆಯ ಚಿತ್ರಗಳು ಮುಗಿದುದು 1517ರಲ್ಲಿ. ಮರುವರ್ಷ ನಿಜವಾದ ಮುಸ್ಲಿಮ್ ಸೆರೆಯಾಳೊಬ್ಬರು ಆ ಪೋಪರ ಮುಂದೆ ಬಂದು ನಿಂತರು.

ಅವರ ಹೆಸರು ಹಸನ್ ಬಿನ್ ಮುಹಮ್ಮದ್ ಅಲ್ ವಝ್ಝಾನ್. ಹುಟ್ಟಿದ್ದು ಗ್ರಾನಡಾದಲ್ಲಿ. 1492ರಲ್ಲಿ ಆ ಕೊನೆಯ ಮುಸ್ಲಿಮ್ ರಾಜ್ಯ ಕುಸಿದ ಆಸುಪಾಸಿನಲ್ಲಿ ಕುಟುಂಬ ಮೊರೊಕ್ಕೋದ ಫಾಸ್ ನಗರಕ್ಕೆ ವಲಸೆ ಹೋಯಿತು. ಅಲ್ಲಿ ಫಿಕ್‌ಹ್ ಕಲಿತು ಫಕೀಹ್ ಆದರು. ಎಳೆಯ ಪ್ರಾಯದಲ್ಲೇ ಚಿಕ್ಕಪ್ಪನ ಜೊತೆ ಸಹಾರಾ ದಾಟಿ ಟಿಂಬಕ್ಟು ಕಂಡರು. ಫಾಸಿನ ಸುಲ್ತಾನರ ರಾಯಭಾರಿಯಾಗಿ ಊರೂರು ತಿರುಗಿದರು. ಸುಲ್ತಾನ್ ಸಲೀಮ್ ಈಜಿಪ್ಟನ್ನು ಗೆದ್ದ 1517ರಲ್ಲಿ ಅವರು ಅಲ್ಲಿದ್ದರು. 1518ರಲ್ಲಿ ಹಡಗಿನಲ್ಲಿ ಊರಿಗೆ ಮರಳುವಾಗ ಸ್ಪೇನಿನ ಕಡಲ್ಗಳ್ಳನೊಬ್ಬ ಅವರನ್ನು ಹಿಡಿದ. ಇಷ್ಟು ತಿಳಿದವರನ್ನು ಸಂತೆಯಲ್ಲಿ ಮಾರುವುದಕ್ಕಿಂತ ಪೋಪರಿಗೆ ಒಪ್ಪಿಸುವುದು ಲಾಭವೆಂದು ಅವನಿಗೆ ಹೊಳೆದಿರಬೇಕು.

ಒಂದು ವರ್ಷಕ್ಕೂ ಮಿಕ್ಕಿ ಅವರು ರೋಮಿನ ಸಾಂತ್ ಆಂಜೆಲೋ ಕೋಟೆಯಲ್ಲಿದ್ದರು. ಸೆರೆಯಲ್ಲಿದ್ದರೂ ಪೋಪರ ಗ್ರಂಥಾಲಯದಿಂದ ಅರಬಿ ಹಸ್ತಪ್ರತಿಗಳನ್ನು ತರಿಸಿ ಓದುತ್ತಿದ್ದರು. 1520ರ ಜನವರಿ 6ರಂದು ಸಂತ ಪೀಟರ್ ಇಗರ್ಜಿಯಲ್ಲಿ ಪೋಪರೇ ಅವರಿಗೆ ಜ್ಞಾನಸ್ನಾನ ಮಾಡಿಸಿ ಯೊಹಾನೆಸ್ ಲಿಯೋ ಎಂದು ಹೆಸರಿಟ್ಟರು. ತಾನು ಹುಟ್ಟಿದಾಗಿನ ಹೆಸರು, ತಾನು ಗದ್ದುಗೆಯೇರಿದಾಗಿನ ಹೆಸರು, ಎರಡನ್ನೂ ಕೊಟ್ಟರು. ಮೆಡಿಚಿ ಎಂಬ ಮನೆತನದ ಹೆಸರೂ ಜೊತೆಗೆ ಬಂತು. ಅದನ್ನು ವಾತ್ಸಲ್ಯವೆನ್ನಬಹುದು, ಒಡೆತನದ ಮುದ್ರೆಯೆಂದೂ ಅನ್ನಬಹುದು. ನಾವು ಎರಡನೆಯದನ್ನೇ ನಂಬುತ್ತೇವೆ.

ಹಸನ್ ಅವರನ್ನು ಧರ್ಮ ಬಿಟ್ಟವರೆಂದು ಸುಲಭವಾಗಿ ತಳ್ಳಿಹಾಕುವವರಿದ್ದಾರೆ. ಅವರು ಒಂದು ವಿಷಯವನ್ನು ಗಮನಿಸಬೇಕು. ಬಲವಂತಕ್ಕೆ ಸಿಲುಕಿ, ಹೃದಯದಲ್ಲಿ ವಿಶ್ವಾಸವಿಟ್ಟುಕೊಂಡೇ ನಾಲಗೆಯಿಂದ ಬೇರೆ ಮಾತಾಡಿದವನಿಗೆ ವಿನಾಯಿತಿಯಿದೆಯೆಂದು ಸೂರಃ ಅನ್ನಹ್ಲ್‌ನ 106ನೆಯ ಸೂಕ್ತ ತಿಳಿಸುತ್ತದೆ. ಇದೇ ತತ್ವದ ಮೇಲೆ 1504ರಲ್ಲಿ ಅಲ್ ವಹ್ರಾನೀ ಎಂಬ ಮಾಲಿಕೀ ವಿದ್ವಾಂಸರು ಸ್ಪೇನಿನಲ್ಲಿ ಸಿಲುಕಿದ್ದ ಮುಸ್ಲಿಮರಿಗಾಗಿ ಫತ್ವಾ ಕೊಟ್ಟಿದ್ದರು. ಮಾಲಿಕೀ ಫಿಕ್‌ಹ್ ಕಲಿತಿದ್ದ ಗ್ರಾನಡಾದ ಮಗನಿಗೆ ಈ ವಿಚಾರ ಹೊಸದಾಗಿರಲು ಸಾಧ್ಯವಿಲ್ಲ.

ಅವರ ಸಹಿಗಳೂ ಮಾತಾಡುತ್ತವೆ. ಅರಬಿಯಲ್ಲಿ ಬರೆಯುವಾಗ ಅವರು ಲಿಯೋ ಎಂದು ಬರೆಯಲಿಲ್ಲ. ಪೋಪರು ಕೊಟ್ಟ ಹೆಸರನ್ನು ತಮ್ಮ ಭಾಷೆಗೆ ಎಳೆದುಕೊಂಡು ಯೂಹನ್ನಾ ಅಲ್ ಅಸದ್ ಎಂದರು, ಜೊತೆಗೆ ಗ್ರಾನಡಾದವನೆಂದು ಸೇರಿಸಿದರು. ಜಾಕೊಬ್ ಮಾಂಟಿನೋ ಎಂಬ ಯಹೂದಿ ವೈದ್ಯರಿಗಾಗಿ 1524ರಲ್ಲಿ ಸಿದ್ಧಪಡಿಸಿದ ಅರಬಿ-ಹಿಬ್ರೂ-ಲ್ಯಾಟಿನ್ ಶಬ್ದಕೋಶದಲ್ಲಿ, ಹಿಂದೆ ತನ್ನ ಹೆಸರು ಹಸನ್ ಬಿನ್ ಮುಹಮ್ಮದ್ ಅಲ್ ವಝ್ಝಾನ್ ಆಗಿತ್ತೆಂದೂ ದಾಖಲಿಸಿದರು. ಒಂದು ಕಡೆ ಓರ್ವ ಕಾರ್ಡಿನಲ್‌ಗೆ ಅರಬಿ ಕಲಿಸುತ್ತ, ಅವರ ಬಳಿಯಿದ್ದ ಕುರ್‌ಆನಿನ ಲ್ಯಾಟಿನ್ ಅನುವಾದದ ತಪ್ಪುಗಳನ್ನು ತಿದ್ದುತ್ತ ಬದುಕಿದರು.

1526ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಆಫ್ರಿಕಾದ ವರ್ಣನೆಯ ಗ್ರಂಥವನ್ನು ಮುಗಿಸಿದರು. ಟಿಂಬಕ್ಟುವಿನಲ್ಲಿ ಬೇರೆಲ್ಲ ಸರಕಿಗಿಂತ ಪುಸ್ತಕದ ವ್ಯಾಪಾರಕ್ಕೇ ಹೆಚ್ಚು ಲಾಭವೆಂದು ಜಗತ್ತಿಗೆ ತಿಳಿಸಿದ್ದು ಈ ಗ್ರಂಥವೇ. ಅದರಲ್ಲೊಂದು ಹಕ್ಕಿಯ ಕಥೆಯಿದೆ. ಹಕ್ಕಿಗಳ ದೊರೆ ತೆರಿಗೆ ಕೇಳಲು ಬಂದಾಗ ಆ ಹಕ್ಕಿ ನೀರಿಗಿಳಿದು ತಾನು ಮೀನೆನ್ನುತ್ತದೆ. ಮೀನುಗಳ ದೊರೆ ಕೇಳಲು ಬಂದಾಗ ಹಾರಿ ಹೋಗಿ ತಾನು ಹಕ್ಕಿಯೆನ್ನುತ್ತದೆ. ತಾನೂ ಹಾಗೆಯೇ ಎಂದು ಅವರು ನಗುತ್ತಲೇ ಹೇಳಿಕೊಳ್ಳುತ್ತಾರೆ. ನಗುವಿನ ಹಿಂದಿನ ನೋವು ಓದುವವರಿಗೆ ತಿಳಿಯದಿರದು.

1550ರಲ್ಲಿ ವೆನಿಸ್‌ನ ರಾಮುಸಿಯೋ ಈ ಗ್ರಂಥವನ್ನು ಅಚ್ಚು ಹಾಕಿಸಿದಾಗ ಅಲ್ಲಲ್ಲಿ ಕೈಯಾಡಿಸಿದ. ಹಸ್ತಪ್ರತಿಯಲ್ಲಿ ಇಸ್ಲಾಮಿನ ಬಗ್ಗೆ ಸಮಾಧಾನದ ಮಾತಿದ್ದೆಡೆ ನಿಂದೆಯ ಪದಗಳನ್ನು ತುರುಕಿದ. ಬರೆದವರ ಹೆಸರಿಗೆ 'ಆಫ್ರಿಕದವ' ಎಂಬ ಗುರುತು ಅಂಟಿತು; ಗ್ರಾನಡಾ ಬಿಟ್ಟುಹೋಯಿತು. ಮೂಲ ಹಸ್ತಪ್ರತಿ ಪತ್ತೆಯಾದದ್ದು 1931ರಲ್ಲಿ. ಅಲ್ಲಿಯ ತನಕ ನಾಲ್ಕು ಶತಮಾನ ಯುರೋಪು ಓದಿದ್ದು ರಾಮುಸಿಯೋ ತಿದ್ದಿದ ಲಿಯೋ ಆಫ್ರಿಕಾನಸ್‌ನನ್ನು.

ಹೆಸರಿಟ್ಟ ಪೋಪರು 1521ರ ಡಿಸೆಂಬರಿನಲ್ಲೇ ತೀರಿಹೋಗಿದ್ದರು. 1527ರಲ್ಲಿ ಚಕ್ರವರ್ತಿ ಚಾರ್ಲ್ಸ್‌ನ ಸೈನಿಕರು, ಅಂದರೆ ಕ್ರೈಸ್ತರೇ, ರೋಮನ್ನು ಸೂರೆ ಮಾಡಿದರು. ಆ ಬಳಿಕ ಹಸನ್ ಇಟಲಿಯಲ್ಲಿ ಕಾಣಸಿಗುವುದಿಲ್ಲ. ವಿಡ್ಮನ್‌ಸ್ಟೆಟರ್ ಎಂಬ ಜರ್ಮನ್ ವಿದ್ವಾಂಸನಿಗೆ ಅವರಲ್ಲಿ ಅರಬಿ ಕಲಿಯುವ ಆಸೆಯಿತ್ತು. 1532ರ ಸುಮಾರಿಗೆ ಅವನು ಅವರನ್ನು ಹುಡುಕಿಕೊಂಡು ಹೋಗಬಯಸಿದ್ದು ರೋಮಿಗಲ್ಲ, ಕಡಲಾಚೆಯ ಟ್ಯುನಿಸ್‌ಗೆ.