ತಂಡಕ್ಕೆ ಯಾರ ಮುಖ?

ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಸೇಂಟ್ ಲೂಯಿಸ್ ಅಂತ ಒಂದು ಊರಿದೆ. ಆ ಊರಿನ ಬೇಸ್‌ಬಾಲ್ ತಂಡದ ಹೆಸರು ಕಾರ್ಡಿನಲ್ಸ್. ನಮ್ಮಲ್ಲಿ ಕ್ರಿಕೆಟ್ಟಿನ ಹುಚ್ಚು ಇರುವ ಹಾಗೆ ಅಲ್ಲಿ ಬೇಸ್‌ಬಾಲಿನ ಹುಚ್ಚು. ಹೊಲ ಇದ್ದವರ ಮನೆಯಲ್ಲಿ ಅಪ್ಪನಿಂದ ಮಗನಿಗೆ ಹೊಲ ಬರುವ ಹಾಗೆ, ತಂಡದ ಮೇಲಿನ ಅಭಿಮಾನವೂ ಅಲ್ಲಿ ಪಿತ್ರಾರ್ಜಿತ. ಈ ಅಭಿಮಾನಿಗಳ ನಡುವೆ ತಲೆಮಾರುಗಳಿಂದ ಮುಗಿಯದ ಒಂದು ಜಗಳ ಇದೆ. ಇಷ್ಟು ವರ್ಷ ಆಡಿದವರಲ್ಲಿ, ಕಾರ್ಡಿನಲ್ಸ್ ಅಂದರೆ ಇವನೇ ಅಂತ ಬೆರಳು ಮಾಡಿ ತೋರಿಸಬಹುದಾದವನು ಯಾರು?

ಆಟದ ಮಾತು, ನಮಗ್ಯಾಕೆ ಅನ್ನಬೇಡಿ. 'ನಮ್ಮ ತಂಡ' ಅನ್ನುವಾಗ ಆ 'ನಮ್ಮ' ಒಳಗೆ ಯಾರಿದ್ದಾರೆ, ಯಾರಿಲ್ಲ ಅನ್ನುವ ಮಾತೂ ಈ ಜಗಳದಲ್ಲೇ ಇದೆ.

ಜಗಳದಲ್ಲಿ ಮೊದಲು ಬರುವ ಹೆಸರು ಸ್ಟ್ಯಾನ್ ಮ್ಯೂಸಿಯಲ್. 1920ರಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಅನ್ನುವ ಕಾರ್ಖಾನೆ ಊರಿನಲ್ಲಿ ಹುಟ್ಟಿದವನು. ಅಪ್ಪ ಪೋಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಕಾರ್ಮಿಕ. ಮ್ಯೂಸಿಯಲ್ 1941ರಿಂದ 1963ರವರೆಗೆ ಆಡಿದ್ದು ಈ ಒಂದೇ ತಂಡಕ್ಕೆ. ಅವನ ಹಿಟ್‌ಗಳು ಒಟ್ಟು 3,630. ಅದರಲ್ಲಿ ತವರಿನಲ್ಲಿ 1,815, ಹೊರಗಡೆಯೂ 1,815! ಆಟದಲ್ಲೂ ನಡತೆಯಲ್ಲೂ ಅಷ್ಟೇ ಸಮತೂಕದ ಮನುಷ್ಯ ಅಂತ ಊರು ಕೊಂಡಾಡುತ್ತದೆ. 1968ರಲ್ಲೇ ಅವನ ದೊಡ್ಡ ಪ್ರತಿಮೆಯನ್ನು ಕ್ರೀಡಾಂಗಣದ ಮುಂದೆ ನಿಲ್ಲಿಸಿದರು.

ಎರಡನೆಯ ಹೆಸರು ಬಾಬ್ ಗಿಬ್ಸನ್. ಒಮಾಹಾದ ಕರಿಯ ಹುಡುಗ. ಹುಟ್ಟುವ ಮೊದಲೇ ಅಪ್ಪ ಸತ್ತಿದ್ದ. ಇವನು ಚೆಂಡೆಸೆಯುವವನು. 1964ರಲ್ಲಿ, 1967ರಲ್ಲಿ ತಂಡಕ್ಕೆ ವಿಶ್ವ ಸರಣಿ ಗೆದ್ದುಕೊಟ್ಟ. 1968ರಲ್ಲಿ ಇವನ ಎದುರು ಬ್ಯಾಟು ಹಿಡಿದವರು ಎಷ್ಟು ಒದ್ದಾಡಿದರು ಅಂದರೆ, ಒಂಬತ್ತು ಇನ್ನಿಂಗ್ಸಿಗೆ ಇವನು ಬಿಟ್ಟುಕೊಟ್ಟದ್ದು ಸರಾಸರಿ 1.12 ಓಟ. ಆ ವರ್ಷ ಎಲ್ಲ ತಂಡಗಳಲ್ಲೂ ಎಸೆತಗಾರರದೇ ಮೇಲುಗೈ ಆಯಿತು. ಮರುವರ್ಷ ಎಸೆತಗಾರ ನಿಲ್ಲುವ ದಿಬ್ಬವನ್ನೇ 15 ಅಂಗುಲದಿಂದ 10 ಅಂಗುಲಕ್ಕೆ ತಗ್ಗಿಸಿದರು.

ಹೀಗೆ ಒಬ್ಬರು ಮ್ಯೂಸಿಯಲ್ ಅಂತಾರೆ, ಇನ್ನೊಬ್ಬರು ಗಿಬ್ಸನ್ ಅಂತಾರೆ. ಇಬ್ಬರೂ ದೊಡ್ಡವರೇ. ಆದರೆ ಈ ಜಗಳಕ್ಕೆ ಇಳಿಯುವ ಮೊದಲು ಕ್ರೀಡಾಂಗಣದ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲೋಣ.

ಈ ತಂಡದ ಹಳೆಯ ಕ್ರೀಡಾಂಗಣ ಸ್ಪೋರ್ಟ್ಸ್‌ಮನ್ಸ್ ಪಾರ್ಕ್. ಅಲ್ಲಿ 1944ರವರೆಗೆ ಕರಿಯರು ದುಡ್ಡು ಕೊಟ್ಟರೂ ಕೂರಬೇಕಾದದ್ದು ಬಲಮೂಲೆಯ ಚಪ್ಪರದಲ್ಲಿ ಮಾತ್ರ. ಚಪ್ಪಾಳೆ ತಟ್ಟುವುದಕ್ಕೂ ಜಾಗ ಗೊತ್ತುಮಾಡಿದ್ದರು. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿ ವರ್ಣದ ಗೋಡೆಗೆ ಬಿರುಕು ತಂದ. ಕಾರ್ಡಿನಲ್ಸ್ ಮಾತ್ರ ಇನ್ನೂ ಏಳು ವರ್ಷ ಕಾಯಿತು. 1954ರಲ್ಲಿ ಟಾಮ್ ಆಲ್‌ಸ್ಟನ್ ಬಂದ. ಅವನೇ ಈ ತಂಡದ ಮೊದಲ ಕರಿಯ ಆಟಗಾರ.

ಅದೇ ಊರಿನಲ್ಲಿ ಕರಿಯರದೇ ತಂಡವೊಂದಿತ್ತು, ಸೇಂಟ್ ಲೂಯಿಸ್ ಸ್ಟಾರ್ಸ್. ಅದರಲ್ಲಿ ಕೂಲ್ ಪಾಪಾ ಬೆಲ್ ಅಂತ ಗಾಳಿಯ ಹಾಗೆ ಓಡುವವನೊಬ್ಬ ಆಡುತ್ತಿದ್ದ. ಮೈಯಲ್ಲಿ ಕಸುವಿದ್ದ ಕಾಲದಲ್ಲಿ ಕಾರ್ಡಿನಲ್ಸ್ ಬಾಗಿಲು ಅವನಿಗೆ ತೆರೆಯಲಿಲ್ಲ. ಆಟ ಮುಗಿದ ಮೇಲೆ ನಗರಸಭೆಯ ಕಟ್ಟಡದಲ್ಲಿ ರಾತ್ರಿ ಕಾವಲುಗಾರನಾಗಿ ದುಡಿದ. ಈಗ ಅವನ ಪ್ರತಿಮೆಯೂ ಕಾರ್ಡಿನಲ್ಸ್ ಕ್ರೀಡಾಂಗಣದ ಹೊರಗೆ ನಿಂತಿದೆ. ಬದುಕಿದ್ದಾಗ ಆಡಿಸದ ತಂಡದ ಬಾಗಿಲಲ್ಲಿ, ಕಂಚಾದ ಮೇಲೆ ನಿಲ್ಲಿಸಿದರು!

ಈಗ ಮೂರನೆಯ ಹೆಸರಿಗೆ ಬರೋಣ. ಕರ್ಟ್ ಫ್ಲಡ್.

1938ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿ ಓಕ್ಲೆಂಡಿನಲ್ಲಿ ಬೆಳೆದವನು. ಹದಿನೆಂಟರ ವಯಸ್ಸಿನಲ್ಲಿ ದಕ್ಷಿಣದ ಸಣ್ಣ ಊರುಗಳ ತಂಡಗಳಿಗೆ ಆಡಲು ಹೋದ. ಅಲ್ಲಿನ ಒಂದು ಸಂಗತಿಯನ್ನು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಎರಡು ಆಟಗಳ ನಡುವೆ, ಬೆವರಿನ ಬಟ್ಟೆಯನ್ನು ಬಿಳಿಯರ ಬಟ್ಟೆಗಳ ರಾಶಿಗೆ ಹಾಕಿದ. ಆಳು ಒಂದು ಉದ್ದ ಕೋಲು ತಂದು, ಕೈ ಸೋಕದ ಹಾಗೆ ಅವನ ಬಟ್ಟೆಯನ್ನು ಎತ್ತಿ ಬೇರೆ ಹಾಕಿದ. ಕರಿಯರ ಲಾಂಡ್ರಿಗೆ ಹೋಗಿ ಬರುವವರೆಗೆ ಈ ಹುಡುಗ ಬರಿಮೈಯಲ್ಲಿ ಕೂತಿದ್ದ. ಹೊರಗೆ ಆಟ ಶುರುವಾಗಿತ್ತು. ಆ ಕೋಲು ಎಂಥದ್ದು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫ್ಲಡ್ 1958ರಿಂದ ಹನ್ನೆರಡು ವರ್ಷ ಕಾರ್ಡಿನಲ್ಸ್‌ಗೆ ಆಡಿದ. 1963ರಿಂದ 1969ರವರೆಗೆ ಸತತ ಏಳು ಸಲ ಒಳ್ಳೆಯ ಕ್ಷೇತ್ರರಕ್ಷಣೆಗೆ ಕೊಡುವ ಚಿನ್ನದ ಗವಸು ಪಡೆದ. 1969ರ ಅಕ್ಟೋಬರಿನಲ್ಲಿ ಅವನಿಗೆ ಒಂದು ಫೋನು ಬಂತು. ನಿನ್ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಿದ್ದೇವೆ, ಹೊರಡು. ಕೇಳಿದ್ದಲ್ಲ, ತಿಳಿಸಿದ್ದು.

ಆಗಿನ ಕರಾರಿನಲ್ಲಿ 'ರಿಸರ್ವ್ ಕ್ಲಾಸ್' ಅಂತ ಒಂದು ಕಲಮು ಇತ್ತು. ಕರಾರಿನ ವರ್ಷ ಮುಗಿದರೂ ಆಟಗಾರನ ಮೇಲಿನ ಹಕ್ಕು ಮಾಲೀಕನದೇ. ಬೇರೆ ತಂಡದೊಡನೆ ಮಾತಾಡುವಂತಿಲ್ಲ. ಮಾಲೀಕ ಮಾರಬಹುದು, ಬದಲಾಯಿಸಬಹುದು, ಕೈಬಿಡಬಹುದು. ಆಟಗಾರನ ಎದುರು ಇದ್ದದ್ದು ಎರಡೇ ದಾರಿ: ಹೇಳಿದಲ್ಲಿ ಆಡು, ಇಲ್ಲವೇ ಆಟ ಬಿಡು. ನಮ್ಮ ಮಾತಿನಲ್ಲಿ ಇದಕ್ಕೆ ಜೀತ ಅಂತಾರೆ.

ಫ್ಲಡ್ ಒಲ್ಲೆ ಅಂದ. 1969ರ ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್‌ಗೆ ಕಾಗದ ಬರೆದ. ಇಷ್ಟು ವರ್ಷ ದುಡಿದ ಮೇಲೂ ನಾನು ಕೊಂಡು ಮಾರುವ ಸ್ವತ್ತಲ್ಲ ಅನ್ನುವುದು ಆ ಕಾಗದದ ಸಾರ. ವರ್ಷಕ್ಕೆ 90,000 ಡಾಲರ್ ಎಣಿಸುವವನು ಗುಲಾಮ ಹೇಗಾದಾನು ಅಂತ ಜನ ನಕ್ಕರು. ಸಂಬಳ ದೊಡ್ಡದಾದರೆ ಗುಲಾಮ ಗುಲಾಮನಲ್ಲದೆ ಹೋಗುವುದಿಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟ.

1970ರಲ್ಲಿ ದಾವೆ ಹೂಡಿದ. ನೀನು ಸೋಲುತ್ತೀಯ, ಮತ್ತೆ ಆಟವೂ ಸಿಗಲಿಕ್ಕಿಲ್ಲ ಅಂತ ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಮೊದಲೇ ಎಚ್ಚರಿಸಿದ್ದ. ಗೆದ್ದರೆ ಮುಂದಿನವರಿಗೆ ಒಳ್ಳೆಯದಾಗುತ್ತದಲ್ಲ ಅನ್ನುವುದು ಫ್ಲಡ್‌ನ ಲೆಕ್ಕ. ಸಂಘ ಖರ್ಚು ಹೊತ್ತಿತು. ಮುದಿಯಾಗಿದ್ದ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದ. ಆದರೆ ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬನೂ ಸಾಕ್ಷಿಕಟ್ಟೆ ಹತ್ತಲಿಲ್ಲ. ಅವರನ್ನು ಬೈಯುವುದು ಸುಲಭ. ಅನ್ನದ ಹಗ್ಗ ಮಾಲೀಕನ ಕೈಲಿದ್ದಾಗ ನಾಲಿಗೆ ಏಳುವುದು ಕಷ್ಟ. 1972ರ ಜೂನ್ 19ರಂದು ಸುಪ್ರೀಂ ಕೋರ್ಟು ಐದು-ಮೂರರಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವನ ಆಟ ಮುಗಿದಿತ್ತು. ದೇಶ ಬಿಟ್ಟ, ಕುಡಿತಕ್ಕೆ ಬಿದ್ದ, ಮತ್ತೆ ಎದ್ದ. 1997ರಲ್ಲಿ, 59ರ ವಯಸ್ಸಿನಲ್ಲಿ ತೀರಿಕೊಂಡ.

ಸೋತವನ ದಾವೆ ಸುಮ್ಮನೆ ಹೋಗಲಿಲ್ಲ. ಕಲಮಿನ ಬಣ್ಣ ದೇಶಕ್ಕೆಲ್ಲ ಗೊತ್ತಾಗಿತ್ತು. 1975ರ ಡಿಸೆಂಬರಿನಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಜ್, ಇಬ್ಬರು ಬಿಳಿಯ ಎಸೆತಗಾರರ ದೂರಿನ ಮೇಲೆ ಆ ಕಲಮಿನ ಬೆನ್ನು ಮುರಿದ. ಇವತ್ತು ದೊಡ್ಡ ಲೀಗಿನ ಆಟಗಾರನ ಸರಾಸರಿ ಸಂಬಳ ವರ್ಷಕ್ಕೆ 40 ಲಕ್ಷ ಡಾಲರ್ ದಾಟಿದೆ. 1998ರಲ್ಲಿ ಅಮೆರಿಕದ ಸಂಸತ್ತು ಅವನ ಹೆಸರಿನಲ್ಲೇ ಕಾಯಿದೆ ಮಾಡಿತು, ಅವನು ಸತ್ತ ಮರುವರ್ಷ.

ಇನ್ನೊಂದು ಮಾತು. ಈಗಿನ ಕ್ರೀಡಾಂಗಣದಿಂದ ನಾಲ್ಕು ಹೆಜ್ಜೆ ನಡೆದರೆ ಊರಿನ ಹಳೆಯ ಕೋರ್ಟಿನ ಕಟ್ಟಡ ಸಿಗುತ್ತದೆ. 1846ರಲ್ಲಿ ಡ್ರೆಡ್ ಸ್ಕಾಟ್ ಮತ್ತು ಹ್ಯಾರಿಯೆಟ್ ಸ್ಕಾಟ್ ಅನ್ನುವ ಗುಲಾಮ ದಂಪತಿ ಬಿಡುಗಡೆ ಕೇಳಿ ದಾವೆ ಹೂಡಿದ್ದು ಇದೇ ಊರಿನಲ್ಲಿ. ವಿಚಾರಣೆ ನಡೆದದ್ದು ಅದೇ ಕಟ್ಟಡದಲ್ಲಿ. 1857ರಲ್ಲಿ ಸುಪ್ರೀಂ ಕೋರ್ಟು ಅವರನ್ನೂ ಸೋಲಿಸಿತು. ನಾನು ಸ್ವತ್ತಲ್ಲ ಅಂತ ಹೇಳಿದವರ ಸಾಲಿಗೆ ಸೇಂಟ್ ಲೂಯಿಸ್ ಹಳೆಯ ಊರು.

ಮ್ಯೂಸಿಯಲ್‌ಗೆ ಅನ್ಯಾಯ ಮಾಡಬಾರದು. ಫ್ಲಾರಿಡಾದ ತರಬೇತಿ ಊರಿನಲ್ಲಿ ಬಿಳಿಯರಿಗೊಂದು ಹೋಟೆಲು, ಕರಿಯರಿಗೆ ಬೇರೆ ಬಿಡಾರ ಇತ್ತು. 1961ರಲ್ಲಿ ಬಿಲ್ ವೈಟ್ ಅನ್ನುವ ಕರಿಯ ಆಟಗಾರ ಇದನ್ನು ಬಾಯಿಬಿಟ್ಟು ಖಂಡಿಸಿದ. ಮರುವರ್ಷ ಎಲ್ಲರೂ ಒಂದೇ ಮೋಟೆಲಿನಲ್ಲಿ ಇಳಿದರು. ಕಡಲ ದಂಡೆಯ ಬಾಡಿಗೆ ಮನೆ ಬಿಟ್ಟು ಮ್ಯೂಸಿಯಲ್ ಕೂಡ ಸಂಸಾರ ಸಮೇತ ಅಲ್ಲಿಗೆ ಬಂದ. ಒಳ್ಳೆಯ ಮನುಷ್ಯನೇ. ಆದರೆ ಮೊದಲು ಬಾಯಿಬಿಡಬೇಕಾದವನು ಬಿಲ್ ವೈಟ್ ಆಗಿದ್ದ.

2015ರಲ್ಲಿ ಕಾರ್ಡಿನಲ್ಸ್ ತನ್ನ ಗೌರವ ಪಟ್ಟಿಗೆ ಫ್ಲಡ್‌ನನ್ನು ಸೇರಿಸಿತು. ಬೇರೆ ಯಾರೂ ತೊಡದ ಹಾಗೆ ತೆಗೆದಿಟ್ಟ ಅಂಗಿ ನಂಬರುಗಳಲ್ಲಿ ಮ್ಯೂಸಿಯಲ್‌ನ 6, ಗಿಬ್ಸನ್‌ನ 45 ಇವೆ. ಫ್ಲಡ್‌ನ 21 ಇಲ್ಲ.

ಊರಿನ ಆಟ ಯಾರದು ಅಂತ ಕೇಳಿದರೆ ಮ್ಯೂಸಿಯಲ್ ಅನ್ನಿ, ಗಿಬ್ಸನ್ ಅನ್ನಿ, ನನ್ನ ತಕರಾರಿಲ್ಲ. ಆದರೆ ತಂಡ ಅಂದರೆ ಆಡುವ ಕೈಕಾಲುಗಳು ಅನ್ನುವುದಾದರೆ, ಆ ಕೈಕಾಲು ಮಾಲೀಕನದಲ್ಲ, ನನ್ನದು ಅಂದವನಿಗೆ ನನ್ನ ಓಟು. ಹನ್ನೆರಡು ವರ್ಷ ಆಡಿ ಅವನು ಕೇಳಿದ್ದು ಅಷ್ಟೇ ತಾನೆ?