ಪ್ರಯೋಗಾಲಯದ ಸರಕಿಗೆ ಗಿರಾಕಿ ಯಾರು?

ಬೆಂಗಳೂರಿನ ಮೆಟ್ರೊ ರೈಲಿನ ಹಸಿರು ಮಾರ್ಗದಲ್ಲಿ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ನಿಲ್ದಾಣವಿದೆ. ಅದರ ಮುಂದಿನದು ಯಶವಂತಪುರ. ಅಲ್ಲಿಂದ ಸ್ವಲ್ಪ ದೂರ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳು ಕಾಣುತ್ತವೆ. ಊರಿನ ಹಳಬರ ಬಾಯಲ್ಲಿ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಸಾಬೂನಿನ ಕಾರ್ಖಾನೆಗೂ ವಿಜ್ಞಾನ ಸಂಸ್ಥೆಗೂ ಇರುವ ನಂಟು ಮಾತ್ರ ದಿನವೂ ಆ ದಾರಿಯಲ್ಲಿ ಓಡಾಡುವವರಿಗೂ ಅಷ್ಟಾಗಿ ತಿಳಿದಿಲ್ಲ.

ವಿಶ್ವವಿದ್ಯಾಲಯದ ಸಂಶೋಧನೆ ಕಪಾಟಿನಲ್ಲಿ ಕೊಳೆಯಬಾರದು, ಅದು ಕಂಪನಿಯಾಗಬೇಕು, ಅದಕ್ಕೆ ಸರ್ಕಾರವೂ ಖಾಸಗಿಯವರೂ ಕೂಡಿ ಹಣ ಹಾಕಬೇಕು ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ‘ನವೋದ್ಯಮ’ ಎಂಬ ಪದವನ್ನು ಮಂತ್ರಿಗಳ ಭಾಷಣದಿಂದ ಹಿಡಿದು ಕಾಲೇಜಿನ ಫಲಕದವರೆಗೆ ಕಾಣಬಹುದು. ಇದೇನು ಅಮೆರಿಕದಿಂದ ನಿನ್ನೆ ಮೊನ್ನೆ ಬಂದ ಸರಕೇ? ಅಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಹುಟ್ಟಿದ್ದೇ ಇಂಥ ಕೂಡುವಳಿಯಿಂದ.

ಮುಂಬೈನ ಉದ್ಯಮಿ ಜೆಮ್‌ಶೆಟ್‌ಜಿ ಟಾಟಾ 1898ರಲ್ಲಿ ಸಂಶೋಧನಾ ವಿಶ್ವವಿದ್ಯಾಲಯವೊಂದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಆಸ್ತಿಯನ್ನು ಬಿಟ್ಟುಕೊಡಲು ಮುಂದೆ ಬಂದರು. ಹೊಸ ವೈಸರಾಯ್ ಕರ್ಜನ್ ಅವರಿಗೆ ಎರಡು ಅನುಮಾನಗಳಿದ್ದವು: ಓದಲು ಹುಡುಗರು ಎಲ್ಲಿ ಸಿಗುತ್ತಾರೆ, ಓದಿದವರಿಗೆ ಕೆಲಸ ಎಲ್ಲಿ ಸಿಗುತ್ತದೆ? ಎರಡನೆಯದು ಇಂದಿಗೂ ಹಳತಾಗಿಲ್ಲ. ಸರ್ಕಾರದ ಪರಿಶೀಲನೆ ವರ್ಷಗಟ್ಟಲೆ ಎಳೆಯಿತು. ಟಾಟಾ 1904ರಲ್ಲಿ ತೀರಿಕೊಂಡರು. ಮಕ್ಕಳು ತಂದೆಯ ಮಾತು ಉಳಿಸಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟು ವಾರ್ಷಿಕ ಅನುದಾನವನ್ನೂ ಒಪ್ಪಿಕೊಂಡಿತು. ಭಾರತ ಸರ್ಕಾರ ತನ್ನ ಪಾಲು ಸೇರಿಸಿತು. 1909ರಲ್ಲಿ ಸಂಸ್ಥೆ ಕಾನೂನಿನ ಪ್ರಕಾರ ಅಸ್ತಿತ್ವಕ್ಕೆ ಬಂತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ತಮ್ಮ ಹೆಸರು ಇಡಬಾರದು ಎಂದಿದ್ದರಂತೆ ಟಾಟಾ. ಜನ ಕೇಳಬೇಕಲ್ಲ!

ಮೂರೇ ವರ್ಷಕ್ಕೆ ಯುದ್ಧ ಬಂತು. ಇಲ್ಲಿಂದ ಗಂಧದ ಕಥೆ ಶುರು.

ಮೈಸೂರು ಸೀಮೆಯಲ್ಲಿ ಶ್ರೀಗಂಧ ಅರಸರ ಸೊತ್ತು. ಟಿಪ್ಪು ಸುಲ್ತಾನನ ಕಾಲದಿಂದ ಬಂದ ಕಟ್ಟಳೆ ಅದು. ಮರ ಯಾರ ಹೊಲದಲ್ಲೇ ಬೆಳೆಯಲಿ, ಕಡಿಯುವ ಹಕ್ಕು ಸರ್ಕಾರದ್ದೇ. ಕೊರಡುಗಳನ್ನು ಹರಾಜು ಹಾಕಿದರೆ ಬೊಕ್ಕಸಕ್ಕೆ ಒಳ್ಳೆಯ ಹಣ. ಆದರೆ ಎಣ್ಣೆ ತೆಗೆಯುತ್ತಿದ್ದುದು ನಾವಲ್ಲ. ಮರದ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಎಣ್ಣೆಯಾಗುತ್ತಿತ್ತು. ಸುಗಂಧ ದ್ರವ್ಯಕ್ಕಷ್ಟೇ ಅಲ್ಲ, ಆ ಕಾಲದಲ್ಲಿ ಔಷಧಿಗೂ ಅದು ಬೇಕಿತ್ತು. 1914ರಲ್ಲಿ ಯುದ್ಧ ಆರಂಭವಾದದ್ದೇ ತಡ, ಜರ್ಮನಿಯ ಬಾಗಿಲು ಮುಚ್ಚಿತು. ಗಂಧ ಡಿಪೋಗಳಲ್ಲಿ ರಾಶಿ ಬಿತ್ತು, ಆದಾಯ ನಿಂತಿತು.

ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ಕೈಗಾರಿಕಾ ಇಲಾಖೆಯ ನಿರ್ದೇಶಕ ಆಲ್‌ಫ್ರೆಡ್ ಚ್ಯಾಟರ್ಟನ್. ‘ಎಣ್ಣೆಯನ್ನು ನಾವೇ ಏಕೆ ತೆಗೆಯಬಾರದು?’ ಎಂಬ ಪ್ರಶ್ನೆ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರ ಮುಂದೆ ಬಂತು. ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಪ್ರಯೋಗಕ್ಕೆ ಕೈಹಾಕಿದರು. ಕೇಳಲು ಸುಲಭ: ಗಂಧದ ಚೇಗನ್ನು ಚಕ್ಕೆ ಮಾಡಿ, ಪುಡಿ ಮಾಡಿ, ಹಬೆ ಹಾಯಿಸಿ, ಹಬೆಯ ಜತೆ ಬಂದ ಎಣ್ಣೆಯನ್ನು ತಣಿಸಿ ಬೇರ್ಪಡಿಸುವುದು. ಕಷ್ಟ ಇರುವುದು ಗುಣಮಟ್ಟದಲ್ಲಿ. ಎಣ್ಣೆಯ ಸತ್ವವಾದ ‘ಸ್ಯಾಂಟಲಾಲ್’ ಶೇ 90ಕ್ಕಿಂತ ಕಡಿಮೆಯಾದರೆ ಒಳ್ಳೆಯ ಎಣ್ಣೆ ಎಂದು ಯಾರೂ ಒಪ್ಪುವುದಿಲ್ಲ. ಪ್ರಯೋಗಾಲಯದ ಗಾಜಿನ ಬುರುಡೆಯಲ್ಲಿ ಬಂದದ್ದು ದೊಡ್ಡ ಹಂಡೆಯಲ್ಲೂ ಬರಬೇಕು.

ಬಂತು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸರ್ಕಾರ ಸಾಬೂನಿನ ತಂತ್ರ ಕಲಿಯಲು ಇಂಗ್ಲೆಂಡಿಗೆ ಕಳುಹಿಸಿತು. 1918ರ ಹೊತ್ತಿಗೆ ಮೈಸೂರ್ ಸ್ಯಾಂಡಲ್ ಸಾಬೂನು ಬಂತು. ಇಂದಿಗೂ ಅಜ್ಜಿಯರ ಟ್ರಂಕಿನಲ್ಲಿ ಸೀರೆಗಳ ನಡುವೆ ಅದರ ಖಾಲಿ ಡಬ್ಬಿ ಇರುವುದುಂಟು.

ಈ ಗೆಲುವಿಗೆ ದಿವಾನರ ದೂರದೃಷ್ಟಿ ಕಾರಣ, ವಿಜ್ಞಾನಿಗಳ ಜಾಣ್ಮೆ ಕಾರಣ ಎನ್ನುವುದು ವಾಡಿಕೆ. ಸುಳ್ಳಲ್ಲ. ಆದರೆ ಇನ್ನೊಂದು ಸಂಗತಿ ನಮ್ಮ ಕಣ್ಣು ತಪ್ಪಿಸುತ್ತದೆ. ಮರ ಸಂಸ್ಥಾನದ್ದು, ಅದು ಮಾರಾಟವಾಗದಿದ್ದರೆ ನಷ್ಟವೂ ಸಂಸ್ಥಾನದ್ದೇ. ಸಂಶೋಧನೆ ಮುಗಿಯುವ ಮೊದಲೇ ಅದನ್ನು ಕಾದು ಕುಳಿತಿದ್ದ ಗಿರಾಕಿ ಇತ್ತು. ಪ್ರಯೋಗಾಲಯಕ್ಕೂ ಪೇಟೆಗೂ ನಡುವೆ ಒಂದು ಬಯಲಿದೆ. ಅಲ್ಲಿ ಹಣ ಖರ್ಚಾಗುತ್ತದೆ, ಆದಾಯ ಇರುವುದಿಲ್ಲ. ಆ ಬಯಲನ್ನು ದಾಟಿಸಿದ್ದು ಈ ಗಿರಾಕಿಯ ಅವಸರ.

ಸ್ವಾತಂತ್ರ್ಯಾನಂತರ ಇದೇ ಮಾತಿಗೆ ಇನ್ನೊಂದು ಸಾಕ್ಷಿ ಮೈಸೂರಿನಲ್ಲೇ ಸಿಗುತ್ತದೆ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ (ಇದು ವಿಶ್ವವಿದ್ಯಾಲಯವಲ್ಲ, ಸರ್ಕಾರಿ ಪ್ರಯೋಗಾಲಯ) ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿಯಿತು. ಅದನ್ನು ಎತ್ತಿಕೊಂಡದ್ದು ಗುಜರಾತಿನ ಖೇಡಾ ಹಾಲು ಉತ್ಪಾದಕರ ಸಹಕಾರ ಸಂಘ. ಅದೇ ಅಮುಲ್. ಅವರ ಬಳಿ ಹಾಲು ಬೇಕಾದಷ್ಟಿತ್ತು. ಗಂಧದ ರಾಶಿಯಂತೆಯೇ.

ಗಿರಾಕಿ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೆ ಸಿಂಪ್ಯೂಟರಿನ ಕಥೆ ಕೇಳಬೇಕು. 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜತೆ ಸೇರಿ ಅಂಗೈ ಕಂಪ್ಯೂಟರ್ ಒಂದನ್ನು ಕಲ್ಪಿಸಿದರು. ಅಕ್ಷರ ಬಾರದವರಿಗೂ ಅದು ಉಪಯೋಗಕ್ಕೆ ಬರಬೇಕು. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಬರೆದದ್ದನ್ನು ಭಾರತೀಯ ಭಾಷೆಗಳಲ್ಲಿ ಅದೇ ಓದಿ ಹೇಳುತ್ತದೆ. ಬೆಲೆ ಸುಮಾರು 9 ಸಾವಿರ ರೂಪಾಯಿ ಇರಬೇಕೆಂಬುದು ಗುರಿ. ಹಳ್ಳಿಯವರಿಗೆ ಅದೂ ಭಾರವೇ. ಹಾಗಾಗಿ ಪಂಚಾಯಿತಿಯೋ ಶಾಲೆಯೋ ಒಂದನ್ನು ಕೊಂಡರೆ ಊರಿನ ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಬಹುದು ಎಂಬ ಏರ್ಪಾಡು. ಊರಿಗೊಂದು ರೇಡಿಯೊ ಇದ್ದ ಕಾಲ ಕಂಡವರಿಗೆ ಇದು ವಿಚಿತ್ರ ಎನಿಸದು.

2001ರಲ್ಲಿ ಅದನ್ನು ಪ್ರಕಟಿಸಿದಾಗ ವಿದೇಶಿ ಪತ್ರಿಕೆಗಳೂ ಹೊಗಳಿದವು. ತಯಾರಿಕೆಗೆಂದು ಪ್ರಾಧ್ಯಾಪಕರು ಪಿಕೊಪೀಟಾ ಎಂಬ ಕಂಪನಿ ಕಟ್ಟಿದರು. ಸಾರ್ವಜನಿಕ ರಂಗದ ಭಾರತ್ ಎಲೆಕ್ಟ್ರಾನಿಕ್ಸ್ ಕೈಜೋಡಿಸಿತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನ ಸಿಂಪ್ಯೂಟರ್ ಅಂಗಡಿಗೆ ಬಂತು. ಅದನ್ನು ಅಲ್ಲಾಡಿಸಿದರೆ ಅದು ತಿಳಿದುಕೊಳ್ಳುತ್ತಿತ್ತು. ಐಫೋನ್ ಬಂದದ್ದು ಅದಕ್ಕೆ ಮೂರು ವರ್ಷದ ಮೇಲೆ. ಸಂಶೋಧನೆ ಇತ್ತು, ಸರ್ಕಾರಿ ಕಾರ್ಖಾನೆ ಇತ್ತು, ಖಾಸಗಿ ಕಂಪನಿ ಇತ್ತು. ಸಾವಿರಗಟ್ಟಲೆ ಪಂಚಾಯಿತಿಗಳಿಗೆ ಕೊಳ್ಳುತ್ತೇವೆ ಎಂದು ಮುಂದೆ ಬಂದ ಇಲಾಖೆ ಮಾತ್ರ ಇರಲಿಲ್ಲ. ಮಾರಾಟ ಕೆಲವು ಸಾವಿರದಲ್ಲೇ ನಿಂತಿತು. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಹಳ್ಳಿ ತಲುಪಿಯೇ ಬಿಟ್ಟಿತ್ತು. ಯಂತ್ರವೇ ಕೆಟ್ಟದ್ದಿತ್ತು ಎಂದು ಈಗ ಷರಾ ಬರೆಯುವುದು ಸುಲಭ, ಆದರೆ ನ್ಯಾಯವಲ್ಲ.

ಅದೇ ನಾಲ್ವರು 2000ದಲ್ಲಿ ಇನ್ನೊಂದು ಕಂಪನಿಯನ್ನೂ ಆರಂಭಿಸಿದ್ದರು: ಸ್ಟ್ರ್ಯಾಂಡ್ ಜೀನಾಮಿಕ್ಸ್. ವಂಶವಾಹಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡುವ ತಂತ್ರಾಂಶ ಅವರ ಸರಕು. ಪಾಠ ಹೇಳುತ್ತಲೇ ಪ್ರಾಧ್ಯಾಪಕರು ಕಂಪನಿ ಕಟ್ಟುವುದು ಆಗ ನಮ್ಮಲ್ಲಿ ಅಪರೂಪ. ಈ ಕಂಪನಿ ಉಳಿಯಿತು, ಬೆಳೆಯಿತು. ಅಮೆರಿಕದ ಅಜಿಲೆಂಟ್ ಕಂಪನಿ ತನ್ನ ತಂತ್ರಾಂಶಕ್ಕೆ ಸ್ಟ್ರ್ಯಾಂಡಿನ ಕೆಲಸವನ್ನು ಬಳಸಿಕೊಂಡಿತು. ಮುಂದೆ ಕ್ಯಾನ್ಸರ್ ಪರೀಕ್ಷೆಗಳತ್ತ ಹೊರಳಿದ ಸ್ಟ್ರ್ಯಾಂಡನ್ನು 2021ರಲ್ಲಿ ರಿಲಯನ್ಸ್ ಸಮೂಹ 393 ಕೋಟಿ ರೂಪಾಯಿ ಕೊಟ್ಟು ವಶಕ್ಕೆ ತೆಗೆದುಕೊಂಡಿತು. ಅದೇ ತಲೆಗಳು, ಅದೇ ಕ್ಯಾಂಪಸ್ಸು. ಒಂದರ ಗಿರಾಕಿ ಹಳ್ಳಿಯವನು, ಇನ್ನೊಂದರದು ಅಮೆರಿಕದ ಕಂಪನಿ. ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮೇಲೆ ಸರ್ಕಾರ ಸುಮ್ಮನೆ ಕೂತಿದೆ ಎನ್ನುವಂತಿಲ್ಲ. ಸಾರ್ವಜನಿಕ ಹಣದಿಂದಾದ ಸಂಶೋಧನೆಯ ಪೇಟೆಂಟ್ ಹಕ್ಕನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟುಕೊಡುವ ಕಾಯ್ದೆಯನ್ನು ಅಮೆರಿಕ 1980ರಲ್ಲಿ ಮಾಡಿತ್ತು. ಅದೇ ಮಾದರಿಯ ಮಸೂದೆ ನಮ್ಮ ರಾಜ್ಯಸಭೆಯಲ್ಲಿ 2008ರಲ್ಲಿ ಮಂಡನೆಯಾಯಿತು, 2014ರಲ್ಲಿ ವಾಪಸಾಯಿತು. ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ‘ಬೈರ್ಯಾಕ್’ ಎಂಬ ಸಂಸ್ಥೆ ಹುಟ್ಟುಹಾಕಿತು. ಅದರ ಯೋಜನೆಯೊಂದು ಹೊಸ ವಿಚಾರವನ್ನು ಮಾದರಿಯ ಮಟ್ಟಕ್ಕೆ ತರಲು 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಸಾಲವಲ್ಲ, ಅನುದಾನ. ಬಯಲಿನ ಮೊದಲ ಅರ್ಧಕ್ಕೆ ಬುತ್ತಿ ಸಿಕ್ಕಂತಾಯಿತು.

ಉಳಿದ ಅರ್ಧದ ಮಾತೇ ಬೇರೆ. ಮಾದರಿ ಸಿದ್ಧವಾಯಿತು, ಸರ್ಕಾರಿ ಆಸ್ಪತ್ರೆ ಅದನ್ನು ಕೊಳ್ಳಬೇಕಲ್ಲ? ಟೆಂಡರಿನಲ್ಲಿ ಇಂತಿಷ್ಟು ವರ್ಷದ ಅನುಭವ, ಇಂತಿಷ್ಟು ವಹಿವಾಟು ಎಂಬ ಷರತ್ತು ಇರುತ್ತಿತ್ತು. ನಿನ್ನೆ ಹುಟ್ಟಿದ ಕಂಪನಿ ಅನುಭವವನ್ನು ಎಲ್ಲಿಂದ ತಂದೀತು? 2016ರ ನಂತರ ಕೇಂದ್ರ ಸರ್ಕಾರ ನವೋದ್ಯಮಗಳಿಗೆ ಈ ಷರತ್ತನ್ನು ಸಡಿಲಿಸಲು ಅವಕಾಶ ಕೊಟ್ಟಿದೆ. ಅವಕಾಶ ಕೊಡುವುದು ಬೇರೆ, ಕೊಳ್ಳಲೇಬೇಕಾದ ಅವಸರ ಇರುವುದು ಬೇರೆ. ಹೊಸ ಯಂತ್ರ ಕೈಕೊಟ್ಟರೆ ಲೆಕ್ಕ ತಪಾಸಣೆಯವರಿಗೆ ಉತ್ತರ ಹೇಳಬೇಕಾದವರು ಸಹಿ ಹಾಕಿದ ಅಧಿಕಾರಿ.

2023ರಲ್ಲಿ ಸಂಸತ್ತು ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿ ಅಂದಾಜು. ಅದರಲ್ಲಿ ಸುಮಾರು 36 ಸಾವಿರ ಕೋಟಿ ಉದ್ಯಮಗಳು, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಲೆಕ್ಕ ಹಾಕಲಾಯಿತು. 1898ರಲ್ಲಿ ಖಾಸಗಿ ಹಣ ಮೊದಲು ಮೇಜಿನ ಮೇಲೆ ಬಂದಿತ್ತು, ಸರ್ಕಾರವನ್ನು ಒಪ್ಪಿಸಲು ಹತ್ತು ವರ್ಷ ಹಿಡಿಯಿತು. ಈ ಸಲ ಕರೆದಿರುವುದು ಸರ್ಕಾರ, ಕಾಯಬೇಕಾಗಿರುವುದು ಉದ್ಯಮಿಗಳ ಚೆಕ್ಕಿಗೆ.